ಓದುಗರ ಪ್ರಶ್ನೆ: ಹೊಟ್ಟೆ ತುಂಬಿಯೂ ಸಾಯುವ ಜಿಂಕೆ

ಹಿಮ ಬೀಳುವ ನಾಡುಗಳಲ್ಲಿ ನೆಲೆಸಿರುವ ಓದುಗರಿಂದ ಕಾಡುಜಿಂಕೆಗಳಿಗೆ ಮೇವು ಹಾಕುವ ಬಗ್ಗೆ ಸಾಕಷ್ಟು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮನೆಯ ಹಿಂದಿನ ಕಾಡಂಚಿಗೆ ಆರೇಳು ಜಿಂಕೆಗಳು ಬರುತ್ತವೆ. ಮೊಣಕಾಲಿಗಿಂತ ಮೇಲೆ ಹಿಮ ಬಿದ್ದಿದೆ. ಜಿಂಕೆಗಳ ಪಕ್ಕೆಲುಬು ಎಣಿಸುವ ಹಾಗಾಗಿದೆ. ಒಂದು ಚೀಲ ಮೆಕ್ಕೆಜೋಳ ತಂದಿಟ್ಟಿದ್ದೇನೆ. ದಿನಕ್ಕೆ ಎಷ್ಟು ಹಾಕಲಿ?

ದಯವಿಟ್ಟು ಆ ಚೀಲ ಬಿಚ್ಚಬೇಡಿ. ಹಸಿದ ಜಿಂಕೆಗೆ ನಡುಚಳಿಯಲ್ಲಿ ಒಮ್ಮೆಲೇ ಕಾಳು ಸಿಕ್ಕರೆ, ಹಸಿವು ಕೊಲ್ಲುವ ಮೊದಲೇ ಕಾಳು ಕೊಂದುಬಿಡಬಹುದು. ಹಗ್ಗ ಬಿಚ್ಚಿಕೊಂಡ ಹಸು ಕಾಳಿನ ರಾಶಿಗೆ ಬಾಯಿ ಹಾಕಿ, ಮರುದಿನ ಹೊಟ್ಟೆಯುಬ್ಬರಿಸಿ ಬಿದ್ದುಬಿಡುವುದು ದನ ಸಾಕಿದವರಿಗೆ ಗೊತ್ತು. ಇದೂ ಅದೇ ತೊಂದರೆ.

ಜಿಂಕೆ ಮೆಲುಕು ಹಾಕುವ ಪ್ರಾಣಿ. ಅದು ತಿಂದದ್ದನ್ನು ಅರಗಿಸಿಕೊಡುವವು ಅದರ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿರುವ ಬ್ಯಾಕ್ಟೀರಿಯಾ, ಪ್ರೊಟೊಜೋವಾ ಮತ್ತು ಶಿಲೀಂಧ್ರಗಳು. ಎಂಥ ಮೇವು ಬರುತ್ತದೋ ಅದಕ್ಕೆ ತಕ್ಕ ಜೀವಿಗಳು ಅಲ್ಲಿ ಹೆಚ್ಚುತ್ತವೆ, ಉಳಿದವು ಕುಗ್ಗುತ್ತವೆ. ಬೇಸಿಗೆಯ ಎಳೆ ಸೊಪ್ಪಿನಿಂದ ಶರತ್ಕಾಲದ ಓಕ್ ಕಾಯಿಗೆ, ಅಲ್ಲಿಂದ ಚಳಿಗಾಲದ ಒಣ ರೆಂಬೆ, ಮೊಗ್ಗು, ತೊಗಟೆಗೆ ಜಿಂಕೆ ವಾರಗಟ್ಟಲೆ ತೆಗೆದುಕೊಂಡು ಹೊರಳುತ್ತದೆ. ಹೀಗಾಗಿ ನಡುಚಳಿಗಾಲದ ರೂಮೆನ್‌ನಲ್ಲಿ ಕಟ್ಟಿಗೆಯ ನಾರನ್ನು ನಿಧಾನವಾಗಿ ಹುಳಿಸುವ ಜೀವಿಗಳು ತುಂಬಿರುತ್ತವೆ. ಪಿಷ್ಟವನ್ನು ಸಂಭಾಳಿಸುವ ವ್ಯವಸ್ಥೆ ಆಗ ಅಲ್ಲಿ ಇರುವುದಿಲ್ಲ.

ಈ ಹೊತ್ತಿನಲ್ಲಿ ಒಂದೆರಡು ಕಿಲೋ ಮೆಕ್ಕೆಜೋಳ ಒಳಗೆ ಹೋದರೆ, ಅಲ್ಪಸಂಖ್ಯೆಯಲ್ಲಿದ್ದ ಕೆಲವು ಬ್ಯಾಕ್ಟೀರಿಯಾಗಳು ಪಿಷ್ಟ ತಿಂದು ಕೆಲವೇ ಗಂಟೆಗಳಲ್ಲಿ ವಿಪರೀತ ಹೆಚ್ಚಿಕೊಂಡು ಲ್ಯಾಕ್ಟಿಕ್ ಆಮ್ಲವನ್ನು ಸುರಿಸುತ್ತವೆ. ಸಾಮಾನ್ಯವಾಗಿ 6ರಿಂದ 7ರ ನಡುವೆ ಇರುವ ರೂಮೆನ್‌ನ ಪಿಎಚ್ 5ರ ಕೆಳಗೆ ಜಾರುತ್ತದೆ. ನಾರು ಅರಗಿಸುವ ಜೀವಿಗಳು ಸಾಯುತ್ತವೆ, ರೂಮೆನ್‌ನ ಒಳಗೋಡೆ ಸುಡುತ್ತದೆ. ಆಮ್ಲದಿಂದ ಗಟ್ಟಿಯಾದ ಆ ದ್ರವ ರಕ್ತದಿಂದ ನೀರನ್ನು ಸೆಳೆದುಕೊಳ್ಳುವುದರಿಂದ ಮೈಯೊಳಗೆ ನೀರು ಬತ್ತುತ್ತದೆ. ಆಮ್ಲ ರಕ್ತಕ್ಕೂ ಸೇರುತ್ತದೆ. ಜಿಂಕೆ ತೂರಾಡುತ್ತದೆ, ಭೇದಿ ಮಾಡಿಕೊಳ್ಳುತ್ತದೆ, ಮಲಗಿದರೆ ಏಳುವುದಿಲ್ಲ. ಒಂದರಿಂದ ಮೂರು ದಿನಗಳಲ್ಲಿ ಸಾವು. ಬದುಕಿ ಉಳಿದವಕ್ಕೂ ಗೊರಸಿನ ಉರಿಯೂತ ಅಥವಾ ಯಕೃತ್ತಿನಲ್ಲಿ ಕೀವುಗಡ್ಡೆ ಆಗಬಹುದು. ಇದರ ಜೊತೆಗೆ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಹೆಚ್ಚಿ ವಿಷ ಕಾರಿದರೆ, ಯಾವ ಲಕ್ಷಣವೂ ಕಾಣದೆ ರಾತ್ರೋರಾತ್ರಿ ಸಾಯುವುದೂ ಉಂಟು.

ಗುಂಪಿನಲ್ಲಿ ಬಲವಾದವು ಮೊದಲು ನುಗ್ಗಿ ಹೆಚ್ಚು ತಿನ್ನುತ್ತವೆ. ಹಾಗಾಗಿ ಚಳಿಯನ್ನು ದಾಟುವ ಸಾಧ್ಯತೆ ಹೆಚ್ಚಿದ್ದ ಜಿಂಕೆಯೇ ಮೊದಲು ಬೀಳಬಹುದು.

ಪ್ರಶ್ನೆ: ಕಾಳು ಬೇಡವಾದರೆ ಒಣಹುಲ್ಲು ಹಾಕಬಹುದಲ್ಲ? ಎಲ್ಕ್ ಎಂಬ ದೊಡ್ಡ ಜಿಂಕೆಗಳಿಗೆ ಗಾಡಿಗಟ್ಟಲೆ ಹುಲ್ಲು ಹಾಕುವ ಚಿತ್ರ ನೋಡಿದ್ದೇನೆ.

ಎಲ್ಕ್ ಬೇರೆ, ಬಿಳಿಬಾಲದ ಜಿಂಕೆ ಬೇರೆ. ಅಮೆರಿಕದ ವಯೋಮಿಂಗ್ ರಾಜ್ಯದ ಜ್ಯಾಕ್ಸನ್ ಬಳಿ 1912ರಲ್ಲಿ ಎಲ್ಕ್‌ಗಳಿಗಾಗಿಯೇ ರಕ್ಷಿತ ನೆಲೆ ಮಾಡಿದರು. ಅಲ್ಲಿ ಮೊದಲು ಒಣಹುಲ್ಲು ಹಾಕುತ್ತಿದ್ದರು, ಆಮೇಲೆ ಕುದುರೆಮೆಂತೆಯ ಗುಳಿಗೆ ಮೇವಿಗೆ ಬದಲಾಯಿಸಿದರು. ಎಲ್ಕ್ ಮತ್ತು ಯುರೋಪಿನ ಕೆಂಪು ಜಿಂಕೆ ದೊಡ್ಡ ರೂಮೆನ್‌ನ ಪ್ರಾಣಿಗಳು. ಹುಲ್ಲನ್ನು ತುಂಬಿಕೊಂಡು ನಿಧಾನವಾಗಿ ಅರಗಿಸಿಕೊಳ್ಳಬಲ್ಲವು.

ಬಿಳಿಬಾಲದ ಜಿಂಕೆ, ಮ್ಯೂಲ್ ಜಿಂಕೆ, ರೋ ಜಿಂಕೆ, ಮೂಸ್ ಇವೆಲ್ಲ ಆರಿಸಿ ತಿನ್ನುವ ಜಾತಿಯವು. ಮೊಗ್ಗು, ಚಿಗುರು, ರೆಂಬೆಯ ತುದಿಯನ್ನೇ ಹೆಕ್ಕುತ್ತವೆ. ಮೈಗೆ ಹೋಲಿಸಿದರೆ ಇವುಗಳ ರೂಮೆನ್ ಚಿಕ್ಕದು. ಬಲಿತ ಒರಟು ಹುಲ್ಲು ಅಲ್ಲಿ ಅರಗದೆ ಕೂರುತ್ತದೆ, ಮುಂದಕ್ಕೂ ಹೋಗುವುದಿಲ್ಲ. ಹೊಟ್ಟೆ ತುಂಬ ಹುಲ್ಲಿದ್ದು ಹಸಿವಿನಿಂದ ಸತ್ತ ಜಿಂಕೆಗಳು ಸಿಕ್ಕಿರುವುದು ಈ ಕಾರಣದಿಂದ. ಎಲೆ ಉದುರದಂತೆ ಒಣಗಿಸಿದ ಎಳೆ ಕುದುರೆಮೆಂತೆಯನ್ನು ಇವು ಸ್ವಲ್ಪಮಟ್ಟಿಗೆ ಬಳಸಿಕೊಳ್ಳುತ್ತವೆ. ಅಲ್ಲಿಯೂ ಎಲೆಯನ್ನು ಆರಿಸಿ ತಿಂದು ದಂಟನ್ನು ಬಿಟ್ಟುಹೋಗುತ್ತವೆ.

ಪ್ರಶ್ನೆ: ಉಳಿದ ಬ್ರೆಡ್, ಆಲೂಗಡ್ಡೆ ಸಿಪ್ಪೆ, ಸೇಬು?

ಬ್ರೆಡ್ ಎಂದರೆ ಪುಡಿಮಾಡಿ ಬೇಯಿಸಿದ ಪಿಷ್ಟ. ಕಾಳಿಗಿಂತಲೂ ಬೇಗ ಹುಳಿಯುತ್ತದೆ. ಆಲೂಗಡ್ಡೆ, ಸೇಬು ಕೂಡ ರಾಶಿಯಾಗಿ ಸಿಕ್ಕರೆ ಅದೇ ಕಥೆ. ಬೇಡವೇ ಬೇಡ.

ಪ್ರಶ್ನೆ: ಹಾಗಾದರೆ ಕಣ್ಣೆದುರೇ ಸಾಯುವುದನ್ನು ನೋಡುತ್ತ ಕೈಕಟ್ಟಿ ಕೂರಬೇಕೇ?

ಖಂಡಿತ ಇಲ್ಲ. ಮೊದಲು ಜಿಂಕೆಯ ಮೈ ಚಳಿಗಾಲಕ್ಕೆ ಏನು ಸಿದ್ಧತೆ ಮಾಡಿಕೊಂಡಿರುತ್ತದೆ ಎಂದು ತಿಳಿದರೆ, ನಮ್ಮ ಸಹಾಯ ಎಲ್ಲಿ ಹೊಂದುತ್ತದೆ ಎಂಬುದೂ ತಿಳಿಯುತ್ತದೆ.

ಶರತ್ಕಾಲದಲ್ಲಿ ಚರ್ಮದಡಿ, ಮೂತ್ರಪಿಂಡದ ಸುತ್ತ ಕೊಬ್ಬು ಕಟ್ಟಿಕೊಳ್ಳುತ್ತದೆ. ಒಳಗೆ ದಟ್ಟ ತುಪ್ಪುಳು, ಹೊರಗೆ ಟೊಳ್ಳಾದ ಒರಟು ಕೂದಲು ಬೆಳೆಯುತ್ತದೆ. ಮಲಗಿದ ಜಿಂಕೆಯ ಬೆನ್ನ ಮೇಲೆ ಹಿಮ ಕರಗದೆ ಕೂತಿದ್ದರೆ ಗಾಬರಿ ಬೇಡ, ಮೈಶಾಖ ಹೊರಗೆ ಸೋರುತ್ತಿಲ್ಲ ಎಂದೇ ಅದರ ಅರ್ಥ. ಚಳಿಗಾಲದಲ್ಲಿ ಅದು ಓಡಾಟವನ್ನೂ ಊಟವನ್ನೂ ತಾನಾಗಿ ಇಳಿಸುತ್ತದೆ. ಆವರಣದೊಳಗೆ ಸಾಕಿ, ಬೇಕಾದಷ್ಟು ಮೇವು ಮುಂದಿಟ್ಟರೂ ಬಿಳಿಬಾಲದ ಜಿಂಕೆ ಆಗ ಕಡಿಮೆಯೇ ತಿಂದು ತೂಕ ಕಳೆದುಕೊಳ್ಳುತ್ತದೆ. ಶರತ್ಕಾಲದ ತೂಕದ ಐದನೇ ಒಂದು ಭಾಗ ಕರಗಿದರೂ ಆರೋಗ್ಯವಂತ ಜಿಂಕೆ ವಸಂತವನ್ನು ಕಾಣುತ್ತದೆ. ಮೂರನೇ ಒಂದು ಭಾಗದ ಹತ್ತಿರ ಬಂದರೆ ಉಳಿಯುವುದು ಕಷ್ಟ. ಒಟ್ಟಿನಲ್ಲಿ ಜಿಂಕೆಯ ಚಳಿಗಾಲ ಎಂದರೆ ಕೂಡಿಟ್ಟದ್ದನ್ನು ಹನಿಹನಿಯಾಗಿ ಖರ್ಚು ಮಾಡುವ ಕಾಲ. ಆ ಖರ್ಚನ್ನು ತಗ್ಗಿಸುವುದೇ ನಾವು ಮಾಡಬಹುದಾದ ದೊಡ್ಡ ಉಪಕಾರ.

ಎದೆಮಟ್ಟದ ಹಿಮದಲ್ಲಿ ಒಂದು ಹೆಜ್ಜೆ ಇಡಲು ಬರಿನೆಲಕ್ಕಿಂತ ಹಲವು ಪಟ್ಟು ಶಕ್ತಿ ಬೇಕು. ನಾಯಿಯೊಂದು ಅಟ್ಟಿದರೆ ಹಲವು ದಿನದ ಉಳಿತಾಯ ಒಂದೇ ಓಟದಲ್ಲಿ ಹೋಗಿಬಿಡುತ್ತದೆ. ನಾಯಿಯನ್ನು ಕಟ್ಟಿಹಾಕಿ. ಹಿಮದ ಗಾಡಿ, ಸ್ಕೀ ಆಟ ಜಿಂಕೆಗಳ ತಂಗುದಾಣದ ಕಡೆ ಹೋಗದಂತೆ ನೋಡಿಕೊಳ್ಳಿ. ಫೋಟೊ ತೆಗೆಯಲು ಹತ್ತಿರ ಹೋಗುವುದೂ ಅಟ್ಟಿದಂತೆಯೇ.

ಎರಡನೆಯದು ರೆಂಬೆ. ಜಿಂಕೆಯ ರೂಮೆನ್ ಈಗ ಯಾವುದಕ್ಕೆ ಒಗ್ಗಿದೆಯೋ ಅದನ್ನೇ ಅದರ ಬಾಯಿಗೆಟುಕುವಂತೆ ಇಳಿಸಿಕೊಡಿ. ಹೊಟ್ಟೆ ಕೆಡುವ ಭಯ ಇದರಲ್ಲಿಲ್ಲ. ನಿಮ್ಮದೇ ಜಮೀನಿನಲ್ಲಿ, ಅಥವಾ ಒಪ್ಪಿಗೆ ಪಡೆದ ಕಾಡಿನಲ್ಲಿ, ಮೇಪಲ್, ಆಸ್ಪೆನ್, ವಿಲ್ಲೋ, ಬರ್ಚ್ ಮರಗಳನ್ನು ನೋಡಿ. ಜಿಂಕೆಗಳು ಕೆಳಗಿನ ರೆಂಬೆಗಳನ್ನು ಆಗಲೇ ಕಚ್ಚಿರುವ ಜಾತಿ ಯಾವುದೋ ಅದೇ ಸರಿಯಾದ ಜಾತಿ. ಜಿಂಕೆಗೆ ಮೇಲಿನ ಮುಂಹಲ್ಲಿಲ್ಲ, ಹಾಗಾಗಿ ಅದು ಕಚ್ಚಿದ ತುದಿ ಹರಿದಂತೆ ಸಿಬಿರುಸಿಬಿರಾಗಿರುತ್ತದೆ. ಓರೆಯಾಗಿ ಚಾಕುವಿನಿಂದ ಕೊಯ್ದಂತಿದ್ದರೆ ಅದು ಮೊಲದ ಕೆಲಸ.

ಕಾಂಡ ಮಣಿಕಟ್ಟಿನಷ್ಟು ದಪ್ಪವಿರುವ ಎಳೆಮರ ಸಾಕು. ಪೋಷಣೆ ಇರುವುದು ಹೋದ ಬೇಸಿಗೆಯಲ್ಲಿ ಬೆಳೆದ, ಪೆನ್ಸಿಲ್‌ಗಿಂತ ತೆಳ್ಳಗಿನ ತುದಿ ಮತ್ತು ಮೊಗ್ಗಿನಲ್ಲಿ. ದಪ್ಪ ಕೊಂಬೆ ಬರೀ ಕಟ್ಟಿಗೆ. ಕಾಂಡವನ್ನು ಸೊಂಟದೆತ್ತರದಲ್ಲಿ ಮುಕ್ಕಾಲು ಪಾಲು ಕೊಯ್ದು, ತಲೆಯನ್ನು ಹಿಮದ ಮೇಲೆ ಬಾಗಿಸಿ ಬಿಡಬಹುದು. ತೊಗಟೆಯ ಕೊಂಡಿ ಉಳಿದರೆ ಕೆಲವು ಜಾತಿಗಳು ಮುಂದಿನ ವರ್ಷವೂ ಚಿಗುರುತ್ತವೆ. ಆದರೆ ಹೀಗೆ ಅರೆಕೊಯ್ದ ಕಾಂಡ ಸಿಡಿದು ಕೊಯ್ಯುವವರ ಮುಖಕ್ಕೇ ಹೊಡೆಯುವುದುಂಟು. ಗರಗಸದ ಅಭ್ಯಾಸವಿಲ್ಲದವರು ಈ ಕೆಲಸಕ್ಕೆ ಕೈಹಾಕದೆ, ಕೈಗರಗಸದಿಂದ ಬಿಡಿ ರೆಂಬೆಗಳನ್ನಷ್ಟೇ ಕತ್ತರಿಸಲಿ.

ರೆಂಬೆಗಳನ್ನು ಒಂದೇ ಕಡೆ ಒಟ್ಟಬೇಡಿ. ಜಿಂಕೆಗಳು ಆಗಲೇ ತುಳಿದು ಗಟ್ಟಿಮಾಡಿರುವ ಜಾಡಿನ ಎರಡೂ ಬದಿಗೆ ಹತ್ತಾರು ಹೆಜ್ಜೆಗೊಂದರಂತೆ ಹರಡಿ. ವಾರಕ್ಕೊಮ್ಮೆ ಕತ್ತರಿಸಿದರೆ ಸಾಕು. ಹೊಸ ಹಿಮ ಬಿದ್ದ ಮರುದಿನ ಒಂದು ಸುತ್ತು ಹೋಗಿ ಹೂತದ್ದನ್ನು ಮೇಲಕ್ಕೆತ್ತಿಡಿ. ಕಾಡಿನಲ್ಲಿ ಮರ ಕಡಿಯುವ ಯೋಜನೆ ಇದ್ದರೆ ಅದನ್ನು ಬೇಸಿಗೆಯ ಬದಲು ನಡುಚಳಿಗಾಲಕ್ಕೆ ಇಟ್ಟುಕೊಳ್ಳಿ. ಉರುಳಿದ ಮರಗಳ ತಲೆಗಳೇ ಒಂದು ಹಿಂಡಿಗೆ ಸಾಕಾಗುವಷ್ಟು ಮೇವು ಕೊಡುತ್ತವೆ, ಮುಂದಿನ ವರ್ಷ ಬೊಡ್ಡೆಗಳಿಂದ ಹೊಸ ಚಿಗುರೂ ಬರುತ್ತದೆ.

ಕಡಿಯಲೇಬಾರದ್ದು: ಒತ್ತಾಗಿ ನಿಂತ ದೊಡ್ಡ ಹೆಮ್ಲಾಕ್, ಸೀಡರ್, ಸ್ಪ್ರೂಸ್‌ಗಳು. ಇವುಗಳ ಮೇಲಾವರಣ ಹಿಮವನ್ನು ಮೇಲೆಯೇ ಹಿಡಿಯುತ್ತದೆ, ಗಾಳಿ ತಡೆಯುತ್ತದೆ. ಮೇವಿಗಿಂತ ಈ ಸೂರು ಜಿಂಕೆಗೆ ದೊಡ್ಡದು. ಅಲಂಕಾರಕ್ಕೆ ಬೆಳೆಸಿದ ಜಪಾನೀ ಯೂ ಗಿಡದ ಸವರಿದ ರೆಂಬೆಗಳನ್ನು ಎಂದೂ ಕಾಡಿಗೆ ಎಸೆಯಬೇಡಿ. 2017ರ ಚಳಿಗಾಲದಲ್ಲಿ ಅಮೆರಿಕದ ಐಡಹೋದಲ್ಲಿ ಹಿಮದಿಂದಾಗಿ ಮನೆಗಳ ಬಳಿಗೆ ಇಳಿದ ಎಲ್ಕ್ ಮತ್ತು ಪ್ರಾಂಗ್‌ಹಾರ್ನ್‌ಗಳು (ಚಿಗರೆಯನ್ನು ಹೋಲುವ ಪ್ರಾಣಿ) ಇದೇ ಗಿಡ ತಿಂದು ಹಿಂಡುಹಿಂಡಾಗಿ ಸತ್ತವು.

ಪ್ರಶ್ನೆ: ಗೊತ್ತಿಲ್ಲದೆ ಹತ್ತು ದಿನದಿಂದ ಮೆಕ್ಕೆಜೋಳ ಹಾಕುತ್ತಿದ್ದೇವೆ. ಜಿಂಕೆಗಳು ಚೆನ್ನಾಗಿಯೇ ಇವೆ. ಈಗ ನಿಲ್ಲಿಸಬೇಕೇ?

ನಿಮ್ಮ ಪ್ರದೇಶದಲ್ಲಿ ಮೇವು ಹಾಕುವುದು ಕಾನೂನಿಗೆ ವಿರುದ್ಧವಾಗಿದ್ದರೆ ಇಂದೇ ವನ್ಯಜೀವಿ ಇಲಾಖೆಗೆ ತಿಳಿಸಿ, ಅವರು ಹೇಳಿದಂತೆ ನಡೆಯಿರಿ. ಅಂಥ ನಿಷೇಧವಿಲ್ಲದಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಹತ್ತು ದಿನದಲ್ಲಿ ಅವುಗಳ ರೂಮೆನ್ ಕಾಳಿನತ್ತ ಅರ್ಧ ಹೊರಳಿರುತ್ತದೆ, ಈಗ ಅದು ಮರಳಿ ರೆಂಬೆಗೆ ಹೊಂದಬೇಕು. ಮೂರು ನಾಲ್ಕು ದಿನಕ್ಕೊಮ್ಮೆ ಕಾಲುಭಾಗ ಕಡಿಮೆ ಮಾಡುತ್ತ, ಕಾಳು ಹಾಕುತ್ತಿದ್ದ ಜಾಗದಿಂದ ಕಾಡಿನೊಳಕ್ಕೆ ರೆಂಬೆಗಳನ್ನು ಹರಡುತ್ತ ಎರಡು ವಾರದಲ್ಲಿ ಮುಗಿಸಿ. ಹಾಕುವಷ್ಟು ದಿನ ರಾಶಿ ಸುರಿಯದೆ ತೆಳುವಾಗಿ ಎರಚಿ. ಬೂಷ್ಟು ಹಿಡಿದ ಕಾಳಿದ್ದರೆ ಇವತ್ತೇ ತೆಗೆದುಹಾಕಿ, ಅದಕ್ಕೆ ಕಂತು ಬೇಡ.

‘ಚೆನ್ನಾಗಿಯೇ ಇವೆ’ ಎಂಬುದರ ಬಗ್ಗೆ ಒಂದು ಮಾತು. ಆಮ್ಲದ ಹೊಡೆತ ತಿಂದ ಜಿಂಕೆ ನಿಮ್ಮ ಅಂಗಳದಲ್ಲಿ ಸಾಯುವುದಿಲ್ಲ. ಕಾಡಿನೊಳಗೆ ಹೋಗಿ ಮಲಗುತ್ತದೆ, ಅದರ ಮೇಲೆ ಹಿಮ ಬೀಳುತ್ತದೆ. ಮೊದಲ ದಿನ ಬಂದವು ಎಷ್ಟಿದ್ದವು, ಈಗ ಬರುವವು ಅವೇ ಹೌದೇ ಎಂದು ಯೋಚಿಸಿ ನೋಡಿ.

ಪ್ರಶ್ನೆ: ತುರ್ತುಸ್ಥಿತಿ ಎಂದು ನಮ್ಮ ಭಾಗದಲ್ಲಿ ಇಲಾಖೆಯೇ ಮೇವಿಗೆ ಒಪ್ಪಿಗೆ ಕೊಟ್ಟಿದೆ. ಕ್ರಮ ಹೇಗೆ?

ಒಪ್ಪಿಗೆ ಕೊಟ್ಟವರ ಸೂಚನೆಯೇ ಅಂತಿಮ. ಸಾಮಾನ್ಯವಾಗಿ ಎಡವುವ ಕಡೆಗಳನ್ನು ಹೇಳುತ್ತೇವೆ.

ಮೊದಲ ತಪ್ಪು ತಡವಾಗಿ ಶುರುಮಾಡುವುದು. ಪಕ್ಕೆಲುಬು ಕಂಡ ಮೇಲೆ ಕೊಡುವ ಮೇವು ಹೆಚ್ಚಿನವಕ್ಕೆ ದಕ್ಕುವುದಿಲ್ಲ. ಚಳಿಗಾಲದ ಆರಂಭದಲ್ಲಿ, ಕಾಡಿನ ಮೇವು ಇನ್ನೂ ಸಿಗುತ್ತಿರುವಾಗಲೇ ರೂಮೆನ್ ಅಭ್ಯಾಸವಾಗಬೇಕು.

ಜಿಂಕೆಗೆಂದೇ ತಯಾರಿಸಿದ, ನಾರು ಹೆಚ್ಚಿರುವ ಗುಳಿಗೆ ಮೇವು ಒಳ್ಳೆಯದು. ಅದು ಸಿಗದಿದ್ದರೆ ಸಿಪ್ಪೆಸಮೇತ ಇಡೀ ಓಟ್ಸ್. ಆ ಸಿಪ್ಪೆಯ ನಾರಿನಿಂದಾಗಿಯೇ ಅದು ಮೆಕ್ಕೆಜೋಳ, ಗೋಧಿ, ಬಾರ್ಲಿಗಿಂತ ಕಡಿಮೆ ಅಪಾಯದ್ದು. ಯೂರಿಯಾ ಬೆರೆಸಿದ ದನದ ಕೈತಿಂಡಿ ಬೇಡ. 60 ಕಿಲೋ ತೂಕದ ಜಿಂಕೆ ಚಳಿಗಾಲದಲ್ಲಿ ದಿನಕ್ಕೆ ಒಣತೂಕದಲ್ಲಿ ಸುಮಾರು ಒಂದರಿಂದ ಒಂದೂವರೆ ಕಿಲೋ ತಿನ್ನುತ್ತದೆ. ಮೊದಲ ಮೂರು ದಿನ ತಲೆಗೆ 100 ಗ್ರಾಂ, ಆಮೇಲೆ ಮೂರು ದಿನಕ್ಕೊಮ್ಮೆ 100 ಗ್ರಾಂ ಏರಿಸುತ್ತ ಮೂರು ವಾರದಲ್ಲಿ 700–800 ಗ್ರಾಂಗೆ ತಂದು ನಿಲ್ಲಿಸಿ. ಉಳಿದದ್ದು ಕಾಡಿನ ರೆಂಬೆಯಿಂದಲೇ ಬರಬೇಕು. ಮಧ್ಯ ಯುರೋಪಿನಲ್ಲಿ ಕೆಂಪು ಜಿಂಕೆಗಳಿಗೆ ನಾರಿಲ್ಲದ ಸಾರವತ್ತಾದ ಮೇವನ್ನೇ ಹಾಕಿದ ಕಡೆಗಳಲ್ಲಿ ಅವು ನಾರಿಗಾಗಿ ಸ್ಪ್ರೂಸ್ ಮರಗಳ ತೊಗಟೆ ಸುಲಿದು ಕಾಡನ್ನೇ ಹಾಳುಮಾಡಿವೆ.

ಜಾಗ ದಟ್ಟ ಸೂಚಿಪರ್ಣಿ ಮರಗಳ ಮಗ್ಗುಲಲ್ಲಿರಲಿ, ಹಿಮ ತೆಗೆದ ರಸ್ತೆಯಿಂದ ಕನಿಷ್ಠ 800 ಮೀಟರ್ ದೂರವಿರಲಿ. ಮೇವಿನ ಜಾಗಕ್ಕೆ ಹೋಗಿಬರುವ ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸಾಯುವವು ಕಡಿಮೆಯಲ್ಲ. ಹತ್ತು ಜಿಂಕೆಗೆ ಹದಿನೈದು ಕಡೆ, ಹತ್ತು ಮೀಟರ್ ಅಂತರದಲ್ಲಿ ಸ್ವಲ್ಪಸ್ವಲ್ಪ ಹಾಕಿ. ಒಂದೇ ತೊಟ್ಟಿ ಇಟ್ಟರೆ ದೊಡ್ಡ ಗಂಡು, ಬಲಿತ ಹೆಣ್ಣುಗಳು ಮುಂಗಾಲಿನಿಂದ ಒದ್ದು ಮರಿಗಳನ್ನು ಓಡಿಸುತ್ತವೆ. ಮೇವಿನ ಅಗತ್ಯ ಎಲ್ಲಕ್ಕಿಂತ ಹೆಚ್ಚಿರುವುದು ಆ ಮರಿಗಳಿಗೇ, ಅವುಗಳ ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ನಿನ್ನೆಯದು ಮಿಕ್ಕಿದ್ದರೆ ಇವತ್ತು ಕಡಿಮೆ ಹಾಕಿ. ಕೆಲವು ದಿನಕ್ಕೊಮ್ಮೆ ಜಾಗ ಸರಿಸಿ, ಹಿಕ್ಕೆಯ ಮೇಲೆ ಮೇವು ಬೀಳಬಾರದು.

ಒಮ್ಮೆ ಶುರುಮಾಡಿದರೆ ಮರಗಳು ಚಿಗುರುವವರೆಗೂ ತಪ್ಪಿಸುವಂತಿಲ್ಲ. ಹತ್ತು ಜಿಂಕೆಗೆ ದಿನಕ್ಕೆ 8 ಕಿಲೋ, ನೂರು ದಿನಕ್ಕೆ 800 ಕಿಲೋ ಲೆಕ್ಕ. ಹತ್ತು ಬಂದಲ್ಲಿ ಮುಂದಿನ ತಿಂಗಳು ಮೂವತ್ತು ಬಂದಾವು. ಅಷ್ಟು ಮೇವು, ಅಷ್ಟು ದಿನ ಹೊರುವ ಆಳು ಇಲ್ಲದಿದ್ದರೆ ಆರಂಭಿಸದಿರುವುದೇ ಒಳ್ಳೆಯದು. ನಡುವೆ ನಿಲ್ಲಿಸಿದರೆ, ಆ ಮೂವತ್ತೂ ತಮ್ಮ ಹಳೆಯ ತಂಗುದಾಣ ಬಿಟ್ಟು ಬಂದು ಸುತ್ತಲಿನ ಎಳೆಗಿಡಗಳನ್ನೆಲ್ಲ ಬೋಳಿಸಿದ ಜಾಗದಲ್ಲಿ ಸಿಕ್ಕಿಬಿದ್ದಿರುತ್ತವೆ.

ಪ್ರಶ್ನೆ: ಕೆಲವು ಕಡೆ ಮೇವು ಹಾಕುವುದನ್ನೇ ನಿಷೇಧಿಸಿದ್ದಾರೆ. ಇಷ್ಟು ಕಠಿಣ ಯಾಕೆ?

ಕಾಯಿಲೆಯ ಕಾರಣಕ್ಕೆ. ಕಾಡಿನಲ್ಲಿ ಚದುರಿ ಮೇಯುವ ಜಿಂಕೆಗಳು ಮೇವಿನ ರಾಶಿಯ ಬಳಿ ಮೂತಿಗೆ ಮೂತಿ ತಾಗಿಸಿ ನಿಲ್ಲುತ್ತವೆ. ಒಂದರ ಜೊಲ್ಲು ಇನ್ನೊಂದರ ಬಾಯಿಗೆ ಹೋಗುತ್ತದೆ. ಅಮೆರಿಕದ ಮಿಶಿಗನ್‌ನಲ್ಲಿ ಬಿಳಿಬಾಲದ ಜಿಂಕೆಗಳಲ್ಲಿ ದನದ ಕ್ಷಯ ಬೇರೂರಲು ಇಂಥ ರಾಶಿಗಳು ಮುಖ್ಯ ಕಾರಣವಾದವು.

ಅದಕ್ಕಿಂತ ಭಯಂಕರವಾದದ್ದು ಜಿಂಕೆಗಳು ಸೊರಗಿ ಸಾಯುವ ಮಿದುಳಿನ ಕಾಯಿಲೆ. 1967ರಲ್ಲಿ ಕೊಲರಾಡೋದಲ್ಲಿ ಆವರಣದೊಳಗಿದ್ದ ಮ್ಯೂಲ್ ಜಿಂಕೆಗಳಲ್ಲಿ ಮೊದಲು ಕಂಡಿತು, 1981ರಲ್ಲಿ ಅಲ್ಲಿಯ ಕಾಡಿನ ಎಲ್ಕ್‌ನಲ್ಲೂ ಸಿಕ್ಕಿತು. ಇದಕ್ಕೆ ಕಾರಣ ಪ್ರಿಯಾನ್ ಎಂಬ ಮಡಿಕೆ ತಪ್ಪಿದ ಪ್ರೋಟೀನ್. ಜೊಲ್ಲು, ಮೂತ್ರ, ಹಿಕ್ಕೆಯಿಂದ ಮಣ್ಣು ಸೇರಿ ವರ್ಷಗಟ್ಟಲೆ ಉಳಿಯುತ್ತದೆ. ಲಸಿಕೆ ಇಲ್ಲ, ಮದ್ದಿಲ್ಲ, ತಗುಲಿದ ಜಿಂಕೆ ಬದುಕುವುದಿಲ್ಲ. 2016ರಲ್ಲಿ ನಾರ್ವೆಯ ನೂರ್‌ಫ್ಯೆಲ್ಲಾ ಬೆಟ್ಟಸೀಮೆಯ ಹಿಮಸಾರಂಗದಲ್ಲಿ ಕಾಣಿಸಿಕೊಂಡಾಗ, ಅದನ್ನು ತಡೆಯಲು ಎರಡು ಸಾವಿರಕ್ಕೂ ಹೆಚ್ಚಿದ್ದ ಆ ಇಡೀ ಹಿಂಡನ್ನೇ ಕೊಲ್ಲಬೇಕಾಯಿತು. ಮೇವಿನ ನಿಷೇಧವನ್ನು ದಯೆಯಿಲ್ಲದ ಕಾನೂನು ಎನ್ನುವವರು ಈ ಹಿಂಡನ್ನು ನೆನೆಯಬೇಕು.

ಪ್ರಶ್ನೆ: ಉಪ್ಪಿನ ಗಡ್ಡೆ, ಬಿಸಿನೀರು ಇಡಬಹುದೇ?

ಉಪ್ಪಿನ ಹಂಬಲ ವಸಂತದ ಹಸಿಮೇವಿನ ಕಾಲದ್ದು, ಚಳಿಗಾಲದಲ್ಲಿ ಅದರ ಅಗತ್ಯವಿಲ್ಲ. ಎಲ್ಲವೂ ನೆಕ್ಕುವ ಗಡ್ಡೆ ಕಾಯಿಲೆಯ ಗಡ್ಡೆಯೂ ಹೌದು. ನೀರಿಗೆ ಹಿಮ, ಹೆಪ್ಪುಗಟ್ಟದ ಝರಿ ಸಾಕಾಗುತ್ತದೆ. ಒಪ್ಪಿಗೆಯ ಮೇರೆಗೆ ಒಣ ಗುಳಿಗೆ ಹಾಕುವವರು ಮಾತ್ರ ಹತ್ತಿರದಲ್ಲಿ ಹರಿಯುವ ನೀರಿರುವ ಜಾಗವನ್ನು ಆರಿಸಿಕೊಳ್ಳಲಿ.

ಪ್ರಶ್ನೆ: ಮರಿಯೊಂದು ಎರಡು ದಿನದಿಂದ ಒಂದೇ ಕಡೆ ಮಲಗಿದೆ. ಎತ್ತಿ ತಂದು ಕೊಟ್ಟಿಗೆಯಲ್ಲಿಟ್ಟು ಬೆಚ್ಚಗೆ ಮಾಡಲೇ?

ಎತ್ತಬೇಡಿ. ದೂರದಿಂದ ದುರ್ಬೀನಿನಲ್ಲಿ ನೋಡಿ. ತಲೆಯೆತ್ತಿ ಕಿವಿ ತಿರುಗಿಸುತ್ತಿದ್ದರೆ, ಮೆಲುಕು ಹಾಕುತ್ತಿದ್ದರೆ ಅದು ಶಕ್ತಿ ಉಳಿಸಿಕೊಳ್ಳುತ್ತಿದೆ. ತಲೆ ಜೋತಿದ್ದರೆ, ಹಿಂಬದಿ ಭೇದಿಯಿಂದ ಕೊಳೆಯಾಗಿದ್ದರೆ ವನ್ಯಜೀವಿ ಇಲಾಖೆಗೆ ಫೋನ್ ಮಾಡಿ. ಕಾಡುಜಿಂಕೆಯನ್ನು ಹಿಡಿದಾಗ ಅದು ಹೆದರಿ ಒದ್ದಾಡುವ ರಭಸಕ್ಕೆ ಸ್ನಾಯುಗಳೇ ಒಡೆದು, ಆ ತ್ಯಾಜ್ಯ ರಕ್ತ ಸೇರಿ ಮೂತ್ರಪಿಂಡ, ಹೃದಯ ನಿಲ್ಲುತ್ತವೆ. ಆ ಕ್ಷಣ ಉಳಿದ ಜಿಂಕೆಯೂ ಕೆಲವು ದಿನಗಳ ನಂತರ ಇದರಿಂದಲೇ ಸಾಯಬಹುದು.

ಪ್ರಶ್ನೆ: ಹಿಮ ಕರಗಿ ಹುಲ್ಲು ಚಿಗುರಿದೆ. ಈಗ ಕಾಡಿನಲ್ಲಿ ಎರಡು ಸತ್ತ ಜಿಂಕೆಗಳು ಸಿಕ್ಕಿವೆ. ಹಸಿವೋ, ಮೇವೋ, ಹೇಗೆ ತಿಳಿಯುವುದು?

ಚಳಿಗಾಲದ ಸಾವುಗಳಲ್ಲಿ ಬಹಳಷ್ಟು ಆಗುವುದು ಕೊನೆಯ ವಾರಗಳಲ್ಲಿಯೇ. ಕೊಬ್ಬು ತೀರಿ ಸ್ನಾಯು ಕರಗುತ್ತಿರುವ ಹೊತ್ತಿಗೆ ತಡವಾಗಿ ಬೀಳುವ ಒಂದು ಹಿಮ, ಒಂದು ತಣ್ಣನೆಯ ಮಳೆ ಸಾಕು.

ನೀವು ಕೊಯ್ದು ನೋಡಬೇಡಿ, ಬರಿಗೈಯಲ್ಲಿ ಮುಟ್ಟಲೂಬೇಡಿ. ಜಾಗವನ್ನು ಗುರುತು ಹಾಕಿ ಇಲಾಖೆಗೆ ತಿಳಿಸಿ. ಸುತ್ತಮುತ್ತ ಯಾರು, ಏನನ್ನು, ಎಷ್ಟು ದಿನ ಹಾಕುತ್ತಿದ್ದರು ಎಂಬುದನ್ನೂ ಮುಚ್ಚಿಡದೆ ಹೇಳಿ. ಅವರು ತೊಡೆಮೂಳೆ ಒಡೆದು ಮಜ್ಜೆ ನೋಡುತ್ತಾರೆ. ಮೈಯ ಕೊಬ್ಬಿನಲ್ಲಿ ಕೊನೆಗೆ ಕರಗುವುದು ಮಜ್ಜೆಯ ಕೊಬ್ಬು. ಅದು ಕೆಂಪಗೆ, ನೀರುನೀರಾಗಿ ಲೋಳೆಯಂತಿದ್ದರೆ ಜಿಂಕೆ ಹಸಿವಿನಿಂದ ಸತ್ತಿದೆ. ಮಜ್ಜೆ ಬೆಳ್ಳಗೆ ಮೇಣದಂತೆ ಗಟ್ಟಿಯಾಗಿದ್ದು, ರೂಮೆನ್‌ನಲ್ಲಿ ಹುಳಿನಾತದ ಕಾಳಿನ ಗಂಜಿ ತುಂಬಿದ್ದರೆ, ಆ ಜಿಂಕೆಯ ಬಳಿ ಇನ್ನೂ ಹಲವು ದಿನಕ್ಕಾಗುವ ಕೊಬ್ಬು ಉಳಿದಿತ್ತು, ಅದನ್ನು ಕೊಂದದ್ದು ಮೇವು.